ಚಾಚಿದ ಅಂಗೈ ಮತ್ತು ದೊಡ್ಡವರ ನಗು

ಜೇಮ್ಸ್ ಜಾಯ್ಸ್‌ನ ‘ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆಸ್ ಎ ಯಂಗ್ ಮ್ಯಾನ್’ ಕಾದಂಬರಿಯನ್ನು ಗುರುಮಠಗಳಲ್ಲಿ ಓದುವಾಗ ಚರ್ಚೆಯೆಲ್ಲ ಮೂರನೆಯ ಅಧ್ಯಾಯದ ನರಕದ ಪ್ರಬೋಧನೆಯ ಸುತ್ತಲೇ ತಿರುಗುವುದು ವಾಡಿಕೆ. ಅದು ಸಹಜವೂ ಹೌದು. ಪ್ರಬೋಧನೆ ನಮ್ಮ ಕಸುಬು, ಆ ಪುಟಗಳಲ್ಲಿ ನಮ್ಮ ಕಸುಬಿನ ಒಂದು ಭಯಾನಕ ರೂಪ ನಮಗೆ ಕಾಣಿಸುತ್ತದೆ. ಆದರೆ 1916ರಲ್ಲಿ ಪುಸ್ತಕರೂಪ ತಾಳಿದ ಈ ಕೃತಿಯನ್ನು ಈಚೆಗೆ ಮತ್ತೊಮ್ಮೆ ಓದಿದಾಗ ನಮ್ಮನ್ನು ತಡೆದು ನಿಲ್ಲಿಸಿದ್ದು ನರಕವಲ್ಲ, ಮೊದಲ ಅಧ್ಯಾಯದ ಲತೀನ್ ತರಗತಿ. ಅಲ್ಲಿ ಒಬ್ಬ ಚಿಕ್ಕ ಹುಡುಗನಿಗೆ ಎರಡು ಏಟು ಬೀಳುತ್ತದೆ, ಅಷ್ಟೇ. ಆ ಎರಡು ಏಟುಗಳನ್ನು ಜಾಯ್ಸ್ ಹೇಗೆ ನೆನೆಯುತ್ತಾನೆ, ಏನನ್ನು ನೆನೆಯದೆ ಬಿಡುತ್ತಾನೆ, ಅಂಥ ನೆನಪುಗಳನ್ನು ಕೇಳುವ ಕಿವಿ ಧರ್ಮಸಭೆಗೆ ಇದೆಯೇ ಎಂಬುದೇ ಈ ಬರಹದ ವಿಷಯ.

ಸನ್ನಿವೇಶ ಗೊತ್ತಿರುವಂಥದ್ದೇ. ಐರ್ಲೆಂಡಿನ ಕ್ಲೊಂಗೋಸ್ ವುಡ್ ಎಂಬ ಯೇಸುಸಭೆಯ ವಸತಿಶಾಲೆಯಲ್ಲಿ ಸ್ಟೀಫನ್ ಡೆಡಾಲಸ್ ಎಂಬ ಬಾಲಕನ ಕನ್ನಡಕ ಒಡೆದಿದೆ. ಹೊಸದು ಬರುವವರೆಗೆ ಬರೆಯುವುದು ಬೇಡವೆಂದು ಲತೀನ್ ಅಧ್ಯಾಪಕರಾದ ಫಾದರ್ ಆರ್ನಲ್ ಅವನಿಗೆ ವಿನಾಯಿತಿ ಕೊಟ್ಟಿದ್ದಾರೆ. ವಿದ್ಯಾಭ್ಯಾಸದ ಪ್ರಿಫೆಕ್ಟ್ ಫಾದರ್ ಡೋಲನ್ ತರಗತಿಗೆ ನುಗ್ಗುತ್ತಾರೆ. ಇವನೇಕೆ ಬರೆಯುತ್ತಿಲ್ಲ ಎಂದು ಕೇಳಿದಾಗ ಆರ್ನಲ್ ನಿಜವನ್ನೇ ಹೇಳುತ್ತಾರೆ. ಆ ನಿಜ ಸಾಕಾಗುವುದಿಲ್ಲ. ಇದು ಹುಡುಗರ ಹಳೆಯ ತಂತ್ರವೆಂದು ತೀರ್ಮಾನಿಸಿದ ಡೋಲನ್ ಕೈ ಚಾಚಲು ಆಜ್ಞಾಪಿಸುತ್ತಾರೆ. ಒಮ್ಮೆ ನಿಜ ಹೇಳಿದ ಅಧ್ಯಾಪಕರು ಎರಡನೆಯ ಸಲ ಬಾಯಿ ತೆರೆಯುವುದಿಲ್ಲ. ವಿಮರ್ಶಕರು ಡೋಲನ್‌ರ ಕ್ರೌರ್ಯದ ಬಗ್ಗೆ ಬರೆದಷ್ಟು ಆರ್ನಲ್‌ರ ಈ ಮೌನದ ಬಗ್ಗೆ ಬರೆದಿಲ್ಲವೆಂದು ನಮಗೆ ಅನಿಸುತ್ತದೆ. ಅವರು ಸಾಧು ಸ್ವಭಾವದವರು, ಹುಡುಗ ನಿರಪರಾಧಿಯೆಂದು ಬಲ್ಲವರು. ಆದರೂ ಸಹಯಾಜಕನ ಮುಖ ಕೆಡಿಸಲಾರದೆ ಸುಮ್ಮನಾದರು. ಇಂಥ ಸುಮ್ಮನಿರುವಿಕೆಯನ್ನು ನಾವೆಲ್ಲರೂ ಬಲ್ಲೆವು.

ಜಾಯ್ಸ್‌ನ ಸೂಕ್ಷ್ಮ ಎದ್ದು ಕಾಣುವುದು ಏಟಿಗೂ ಮುಂಚಿನ ಒಂದು ಕ್ಷಣದಲ್ಲಿ. ಚಾಚಿದ ಕೈಯನ್ನು ನೇರಮಾಡಲೆಂದು ಪ್ರಿಫೆಕ್ಟರ ಬೆರಳುಗಳು ಹುಡುಗನ ಬೆರಳುಗಳನ್ನು ಮುಟ್ಟುತ್ತವೆ. ಆ ಬೆರಳುಗಳು ಮೃದುವಾಗಿವೆ. ಅವರು ತನ್ನ ಕೈಕುಲುಕಲು ಬಂದರೇನೋ ಎಂದು ಹುಡುಗ ಒಂದರೆಗಳಿಗೆ ನಂಬಿಬಿಡುತ್ತಾನೆ. ಮುಂದೆ ಬಿದ್ದ ಏಟಿಗಿಂತ ಈ ನಂಬಿಕೆಯ ಮುರಿತವೇ ಅವನ ಮನಸ್ಸನ್ನು ಹೆಚ್ಚು ಕಾಡುತ್ತದೆ. ಯಾಜಕನ ಕೈ ಎಂದರೆ ಏನೆಂದು ಆ ಹುಡುಗನಿಗೆ ಗೊತ್ತು: ಆಶೀರ್ವದಿಸುವ ಕೈ, ರೊಟ್ಟಿಯನ್ನು ಎತ್ತಿ ಹಿಡಿಯುವ ಕೈ, ಅಭ್ಯಂಗಿಸಲ್ಪಟ್ಟ ಕೈ. ಯಾಜಕದೀಕ್ಷೆಯ ವಿಧಿಯಲ್ಲಿ ಅಂಗೈಗಳಿಗೆ ಪವಿತ್ರ ತೈಲ ಹಚ್ಚಿಸಿಕೊಂಡವರು ಈ ಪುಟವನ್ನು ಬೇಗ ಬೇಗ ಓದಿ ಮುಗಿಸಲಾರರು.

ಅನಂತರ ಬರುವುದು ಹುಡುಗನ ಸಾಹಸ. ಊಟದ ಮನೆಯಿಂದ ಹೊರಟು, ಮೆಟ್ಟಿಲೇರಿ, ಸಂತರ ಮತ್ತು ಸಭೆಯ ಹಿರಿಯರ ಚಿತ್ರಪಟಗಳು ತೂಗುವ ಕತ್ತಲೆಯ ಓಣಿಯನ್ನು ದಾಟಿ ಅವನು ರೆಕ್ಟರರ ಕೋಣೆಗೆ ಹೋಗುತ್ತಾನೆ. ಅವರ ಮೇಜಿನ ಮೇಲೆ ಒಂದು ತಲೆಬುರುಡೆ ಇದೆ. ರೆಕ್ಟರ್ ಕಾನ್ಮಿ ಅವನ ಮಾತನ್ನು ಕೇಳುತ್ತಾರೆ, ಏನೋ ತಪ್ಪಾಗಿರಬೇಕು, ನಾನು ಹೇಳುತ್ತೇನೆ ಎನ್ನುತ್ತಾರೆ, ಆ ಬುರುಡೆಯ ಪಕ್ಕದಿಂದ ಕೈ ಚಾಚುತ್ತಾರೆ. ಮೊದಲು ಬಾರದೇಹೋದ ಕೈಕುಲುಕು ಈಗ ಬಂತು. ಆ ಅಂಗೈ ತಣ್ಣಗಿತ್ತು, ತೇವವಾಗಿತ್ತು ಎಂದಷ್ಟೇ ಜಾಯ್ಸ್ ದಾಖಲಿಸುತ್ತಾನೆ. ಹೊರಗೆ ಬಂದ ಹುಡುಗನನ್ನು ಗೆಳೆಯರು ಎತ್ತಿ ಕುಣಿದಾಡುತ್ತಾರೆ. ಅಧ್ಯಾಯ ಮುಗಿಯುತ್ತದೆ.

ಶಾಲಾ ಪಠ್ಯಗಳಿಗಾಗಿ ಈ ಭಾಗವನ್ನು ಆಯುವವರು ಇಲ್ಲಿಗೇ ಕತ್ತರಿಸುತ್ತಾರೆ. ಅನ್ಯಾಯ, ಧೈರ್ಯ, ನ್ಯಾಯ ಎಂಬ ಸೊಗಸಾದ ಪಾಠ ಅವರಿಗೆ ದೊರೆಯುತ್ತದೆ. ಎರಡನೆಯ ಅಧ್ಯಾಯದಲ್ಲಿ ಜಾಯ್ಸ್ ಆ ಪಾಠವನ್ನು ಒಡೆದುಹಾಕುತ್ತಾನೆ. ವರ್ಷಗಳ ಬಳಿಕ ಸ್ಟೀಫನ್‌ನ ತಂದೆಗೆ ಕಾನ್ಮಿ ಅಕಸ್ಮಾತ್ತಾಗಿ ಭೇಟಿಯಾಗುತ್ತಾರೆ. ನಿಮ್ಮ ಮಗ ದೂರು ತಂದ ಸಂಗತಿಯನ್ನು ಊಟದ ಮೇಜಿನಲ್ಲಿ ಹೇಳಿದೆ, ಡೋಲನ್ ಮತ್ತು ನಾವೆಲ್ಲ ಸೇರಿ ಚೆನ್ನಾಗಿ ನಕ್ಕೆವು ಎಂದು ಅವರು ತಿಳಿಸುತ್ತಾರೆ. ತಂದೆ ಮನೆಗೆ ಬಂದು ಅದನ್ನು ಅಭಿನಯಿಸಿ ತೋರಿಸುತ್ತಾನೆ. ಇನ್ನೊಂದು ಯೇಸುಸಭೆಯ ಶಾಲೆಯಾದ ಬೆಲ್ವೆಡೇರಿನಲ್ಲಿ ಹುಡುಗನಿಗೆ ಸ್ಥಾನ ಕೊಡಿಸುವ ಉಪಕಾರವೂ ಅದೇ ಕಾನ್ಮಿಯವರದ್ದೇ. ಒಳ್ಳೆಯವರೇ ನಕ್ಕದ್ದು. ಹುಡುಗ ಆಗ ಏನು ಅಂದುಕೊಂಡನೆಂದು ಜಾಯ್ಸ್ ಬರೆಯುವುದಿಲ್ಲ.

ಈ ನಗುವಿಗೆ ಒಬ್ಬ ಪೂರ್ವಜನಿದ್ದಾನೆ. ಸಂತ ಅಗಸ್ಟಿನರ ‘ಕನ್ಫೆಷನ್ಸ್’ ಕೃತಿಯ ಮೊದಲ ಪುಸ್ತಕವನ್ನು ದೈವಶಾಸ್ತ್ರದ ವಿದ್ಯಾರ್ಥಿಗಳು ಜನ್ಮಪಾಪದ ಕುರಿತ ಸಾಕ್ಷ್ಯವಾಗಿ ಓದುತ್ತಾರೆ: ಹಾಲಿಗಾಗಿ ಹೊಟ್ಟೆಕಿಚ್ಚುಪಡುವ ಶಿಶು ಇತ್ಯಾದಿ. ಅಲ್ಲಿಂದ ಸ್ವಲ್ಪ ಮುಂದೆ, ಒಂಬತ್ತನೆಯ ಅಧ್ಯಾಯದಲ್ಲಿ, ತಾನು ದೇವರಿಗೆ ಮೊದಲು ಪ್ರಾರ್ಥಿಸಿದ್ದು ಯಾವುದಕ್ಕಾಗಿ ಎಂದು ಅಗಸ್ಟಿನ್ ನೆನೆಯುತ್ತಾರೆ. ಶಾಲೆಯಲ್ಲಿ ಏಟು ತಿನ್ನದಂತೆ ಕಾಪಾಡು ಎಂಬುದು ಆ ಪ್ರಾರ್ಥನೆ. ಚಿಕ್ಕವನಾದರೂ ಪ್ರಾರ್ಥನೆಯ ತೀವ್ರತೆ ಚಿಕ್ಕದಾಗಿರಲಿಲ್ಲ. ಅದು ಫಲಿಸಲಿಲ್ಲ; ಮೈಮೇಲಿನ ಬಾಸುಂಡೆಗಳನ್ನು ಕಂಡು ದೊಡ್ಡವರು ನಕ್ಕರು. ಮಗನಿಗೆ ಎಂದೂ ಕೇಡು ಬಯಸದ ತಂದೆತಾಯಿಯರೂ ನಕ್ಕರು. ಆ ತಾಯಿ ಸಂತ ಮೋನಿಕಾ ಎಂಬುದನ್ನು ಓದುಗರು ಮರೆಯಬಾರದು. ಮುಂದಿನ ಸಾಲುಗಳಲ್ಲಿ ಅಗಸ್ಟಿನ್ ಕೊಡುವ ಹೋಲಿಕೆ ಇನ್ನೂ ಗಂಭೀರ: ಚಿತ್ರಹಿಂಸೆಯ ಯಂತ್ರಗಳಿಗೆ ವಯಸ್ಕರು ಅಂಜುವಷ್ಟೇ ತಾವು ಮಕ್ಕಳು ಆ ಏಟಿಗೆ ಅಂಜುತ್ತಿದ್ದೆವು ಎನ್ನುತ್ತಾರೆ. ಚೆಂಡಾಟದಲ್ಲಿ ಸೋತ ಹುಡುಗನಿಗಿಂತ ವಾದದಲ್ಲಿ ಸಹೋದ್ಯೋಗಿಗೆ ಸೋತ ಮೇಷ್ಟರೇ ಹೆಚ್ಚು ಕುದಿಯುತ್ತಾರೆ, ಆದರೆ ದೊಡ್ಡವರ ಆಟಕ್ಕೆ ಮಾತ್ರ ಕೆಲಸವೆಂಬ ಹೆಸರು ಎಂಬ ಅವರ ಕಟಕಿಯೂ ಅಲ್ಲಿಯೇ ಇದೆ. ದಶಕಗಳ ನಂತರ ‘ದೇವನಗರಿ’ಯ 21ನೆಯ ಪುಸ್ತಕದಲ್ಲಿ, ಸಾವು ಅಥವಾ ಮತ್ತೊಮ್ಮೆ ಬಾಲ್ಯ ಎಂಬ ಆಯ್ಕೆ ಕೊಟ್ಟರೆ ಯಾರು ತಾನೇ ಸಾವನ್ನು ಆರಿಸಿಕೊಳ್ಳದೆ ಇದ್ದಾರು ಎಂದು ಆ ವೃದ್ಧ ಧರ್ಮಾಧ್ಯಕ್ಷರು ಕೇಳುತ್ತಾರೆ. ನೋವು ಆರಿರಲಿಲ್ಲ.

ಇಲ್ಲಿ ಅಗಸ್ಟಿನರ ಮೇಲೆ ನಮ್ಮದೊಂದು ತಕರಾರಿದೆ. ಅಷ್ಟು ನಿಷ್ಠುರವಾಗಿ ನೆನೆದವರು ಅದೇ ಪುಸ್ತಕದಲ್ಲಿ ಕೆಲವೇ ಪುಟಗಳಾಚೆ ಆ ಏಟುಗಳನ್ನು ದೈವಯೋಜನೆಯೊಳಗೆ ಸೇರಿಸಿಬಿಡುತ್ತಾರೆ: ಗುರುವಿನ ಕೋಲಿನಿಂದ ರಕ್ತಸಾಕ್ಷಿಗಳ ಸಂಕಟದವರೆಗೆ ಎಲ್ಲವೂ ದೇವರ ಕಹಿ ಮದ್ದು. ಹೊಡೆದವರ ತಪ್ಪನ್ನು ಅವರು ಪೂರ್ತಿ ಮುಚ್ಚುವುದಿಲ್ಲ ನಿಜ. ಹೊಡೆದವರೂ ತಪ್ಪಿತಸ್ಥರೇ, ಆದರೆ ಆ ತಪ್ಪನ್ನೂ ದೇವರು ನನ್ನ ಹಿತಕ್ಕೆ ಬಳಸಿದರು ಎಂಬುದು ಅವರ ವಾದ. ತನ್ನ ಸ್ವಂತ ನೋವಿನ ಬಗ್ಗೆ ಒಬ್ಬನು ಹೀಗೆ ಹೇಳಿಕೊಳ್ಳಬಹುದು. ಅದನ್ನೇ ಇನ್ನೊಬ್ಬನ ನೋವಿಗೆ ಅನ್ವಯಿಸಿದಾಗ ಏನಾಗುತ್ತದೆ ಎಂಬುದಕ್ಕೆ ಅಗಸ್ಟಿನರ ಮುಂದಿನ ಬದುಕೇ ಉದಾಹರಣೆ. ದೊನಾತಿಯರ ವಿರುದ್ಧ ರಾಜಬಲವನ್ನು ಸಮರ್ಥಿಸುತ್ತ ವಿನ್ಸೆಂತಿಯುಸನಿಗೆ ಬರೆದ 93ನೆಯ ಪತ್ರದಲ್ಲಿ, ಭಯವೂ ಬೋಧನೆಯ ಸಾಧನವಾಗಬಲ್ಲದೆಂದು ಅವರು ವಾದಿಸಿದರು. ಏಟು ತಿಂದ ಬಾಲಕನೇ ಕೋಲಿನ ದೈವಶಾಸ್ತ್ರಜ್ಞನಾದನು. ಏಟಿನಿಂದಲೇ ನಾವು ಮನುಷ್ಯರಾದೆವು ಎಂದು ಹೇಳುವ ಪ್ರತಿಯೊಬ್ಬ ಹಳೆಯ ವಿದ್ಯಾರ್ಥಿಯಲ್ಲೂ ಈ ತಿರುವಿನ ಒಂದು ಚಿಕ್ಕ ಪ್ರತಿ ಇದೆ.

ಯೇಸುಸಭೆಯ ಮೂಲಪುರುಷರು ಈ ಅಪಾಯವನ್ನು ಕಂಡಿದ್ದರು. ಸಂತ ಇಗ್ನಾಸಿಯವರು ಬರೆದ ಸಂವಿಧಾನವೂ 1599ರ ‘ರಾಸಿಯೊ ಸ್ತುದಿಯೋರುಂ’ ಎಂಬ ಶಿಕ್ಷಣಸೂತ್ರವೂ ಹೊಡೆಯುವ ಕೆಲಸವನ್ನು ಸಭೆಯ ಸದಸ್ಯರಿಗೆ ನಿಷೇಧಿಸುತ್ತವೆ. ದಂಡಿಸಲೇಬೇಕಾದರೆ ಸಭೆಗೆ ಸೇರದ ಒಬ್ಬ ‘ತಿದ್ದುಗಾರ’ನನ್ನು ನೇಮಿಸಿಕೊಳ್ಳಬೇಕು. ಇದರಲ್ಲಿ ವಿವೇಕವೂ ಇದೆ, ಜಾಣತನವೂ ಇದೆ. ಕಲಿಸುವ ಕೈ ಹೊಡೆಯಬಾರದೆಂಬುದು ವಿವೇಕ. ಬಾಡಿಗೆಯ ಕೈಯಿಂದ ಹೊಡೆಸಬಹುದೆಂಬುದು ಜಾಣತನ. 19ನೆಯ ಶತಮಾನದ ಕ್ಲೊಂಗೋಸಿಗೆ ಬರುವಷ್ಟರಲ್ಲಿ ಬಾಡಿಗೆಯವನು ಮಾಯವಾಗಿದ್ದಾನೆ, ಪ್ರಿಫೆಕ್ಟರ ಕೈಯಲ್ಲೇ ಪ್ಯಾಂಡಿಬ್ಯಾಟ್ ಇದೆ. ಇತರ ಸಭೆಗಳ ಚರಿತ್ರೆಯೂ ಬಹುಮಟ್ಟಿಗೆ ಹೀಗೆಯೇ. ಐರಿಷ್ ಕ್ರಿಶ್ಚಿಯನ್ ಬ್ರದರ್ಸ್ ಸಭೆಯ ಸ್ಥಾಪಕ ಎಡ್ಮಂಡ್ ರೈಸ್ ದೈಹಿಕ ದಂಡನೆಯನ್ನು ಮೆಚ್ಚಿದವರಲ್ಲ. ಅವರ ಸಭೆಯ ಶಾಲೆಗಳೇ ಚರ್ಮದ ಪಟ್ಟಿಗೆ ಹೆಸರಾದವು. ದಂಡನೆಯ ಬದಲು ಮುಂಜಾಗರೂಕತೆಯನ್ನು ಬೋಧಿಸಿದ ಸಂತ ಜಾನ್ ಬೋಸ್ಕೋ ಅವರ 1877ರ ಪ್ರಬಂಧ ಅದೇ ಕಾಲದ್ದೆಂಬುದನ್ನು ನೆನೆದರೆ, ಆ ಕಾಲದಲ್ಲಿ ಬೇರೆ ದಾರಿ ತಿಳಿದಿರಲಿಲ್ಲ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ಧರ್ಮಗ್ರಂಥದ ಸಮರ್ಥನೆ ಇನ್ನೊಂದು. ಕೋಲು ಹಿಂದೆಗೆಯುವವನು ಮಗನನ್ನು ದ್ವೇಷಿಸುತ್ತಾನೆಂಬ ಜ್ಞಾನೋಕ್ತಿ (13:24) ಎಲ್ಲರ ಬಾಯಲ್ಲಿದೆ. ಆದರೆ ಹೆಚ್ಚು ಕೆಲಸ ಮಾಡಿದ್ದು ಹಿಬ್ರಿಯರಿಗೆ ಬರೆದ ಪತ್ರದ 12ನೆಯ ಅಧ್ಯಾಯ. ಪ್ರಭು ತಾನು ಸ್ವೀಕರಿಸುವ ಪ್ರತಿಯೊಬ್ಬ ಮಗನನ್ನೂ ಚಾವಟಿಯಿಂದ ಹೊಡೆಯುತ್ತಾರೆಂಬ ಅರ್ಥದ ಮಾತು ಅಲ್ಲಿದೆ. ಅದು ಜ್ಞಾನೋಕ್ತಿ 3:12ರ ಉಲ್ಲೇಖ. ಆ ವಚನದ ಹೀಬ್ರೂ ಪಾಠವನ್ನು ತೆರೆದು ನೋಡಿದರೆ ಚಾವಟಿ ಅಲ್ಲಿಲ್ಲ. ತನಗೆ ಮೆಚ್ಚಾದ ಮಗನನ್ನು ತಂದೆ ತಿದ್ದುವಂತೆ ಎಂಬ ಹೋಲಿಕೆ ಮಾತ್ರ ಇದೆ. ‘ತಂದೆಯಂತೆ’ ಎಂದು ಓದಬಹುದಾದ ಅದೇ ವ್ಯಂಜನಗಳನ್ನು ‘ನೋಯಿಸು’ ಎಂಬ ಕ್ರಿಯಾಪದವಾಗಿಯೂ ಓದಬಹುದು. ಸೆಪ್ಟುವಜಿಂಟ್ ಎಂಬ ಗ್ರೀಕ್ ಭಾಷಾಂತರದ ಚಾವಟಿ ಹುಟ್ಟಿದ್ದು ಹೀಗೆಂದು ವಿದ್ವಾಂಸರು ವಿವರಿಸುತ್ತಾರೆ. ಪತ್ರದ ಲೇಖಕರು ಗ್ರೀಕ್ ಪಾಠವನ್ನೇ ಹಿಡಿದರು. ಒಂದು ಸ್ವರಭೇದದ ಮೇಲೆ ಎಷ್ಟು ಅಂಗೈಗಳು ಬಾತಿವೆ ಎಂದು ಕೇಳಿದರೆ ಅದು ಅತಿಶಯೋಕ್ತಿಯಾದೀತು. ಕೋಲು ಹಿಡಿದವರಲ್ಲಿ ಎಲ್ಲರೂ ವ್ಯಾಖ್ಯಾನಕಾರರಾಗಿರಲಿಲ್ಲ. ಹಾಗೆಂದು ಗ್ರೀಕ್ ಪಾಠವನ್ನು ತಳ್ಳಿಹಾಕಬೇಕಾಗಿಯೂ ಇಲ್ಲ. ಆ ಪತ್ರ ಮಾತಾಡುತ್ತಿರುವುದು ಹಿಂಸೆಯನ್ನು ಅನುಭವಿಸುತ್ತಿದ್ದ ವಯಸ್ಕ ವಿಶ್ವಾಸಿಗಳೊಂದಿಗೆ, ಶಾಲಾಮಾಸ್ತರರೊಂದಿಗಲ್ಲ. ಮೇಲಾಗಿ ಹತ್ತನೆಯ ವಚನದಲ್ಲಿ ಅದು ಒಂದು ಗೆರೆ ಎಳೆಯುತ್ತದೆ: ಮಾನವ ತಂದೆಯರು ತಮಗೆ ಸರಿಕಂಡಂತೆ ಶಿಕ್ಷಿಸಿದರು, ದೇವರಾದರೋ ನಮ್ಮ ಹಿತಕ್ಕಾಗಿ. ‘ತಮಗೆ ಸರಿಕಂಡಂತೆ’ ಎಂಬ ಆ ಸಣ್ಣ ಮಾತಿನಲ್ಲಿ ಎಷ್ಟು ಸಂಶಯ ಅಡಗಿದೆಯೆಂಬುದನ್ನು ವ್ಯಾಖ್ಯಾನಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ.

ನಮ್ಮ ಓದಿನಲ್ಲಿ ಸ್ಟೀಫನ್‌ನಿಗೆ ಹತ್ತಿರದ ವಚನ ಬೇರೆಯೇ. ಯೊವಾನ್ನನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ, ಪ್ರಧಾನಯಾಜಕನ ಎದುರು ಬಂಧಿತರಾಗಿ ನಿಂತ ಯೇಸುವಿನ ಕೆನ್ನೆಗೆ ಕಾವಲಾಳೊಬ್ಬ ಹೊಡೆಯುತ್ತಾನೆ. ನೆಪ ಅವಿಧೇಯತೆ: ಪ್ರಧಾನಯಾಜಕನಿಗೆ ಹೀಗೆ ಉತ್ತರ ಕೊಡುವುದೇ? ಇನ್ನೊಂದು ಕೆನ್ನೆಯನ್ನೂ ಒಡ್ಡೆಂದು ಬೋಧಿಸಿದವರು ಆಗ ಕೆನ್ನೆ ಒಡ್ಡುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ತಪ್ಪಾಗಿ ಮಾತಾಡಿದ್ದರೆ ತೋರಿಸು, ಇಲ್ಲವಾದರೆ ಏಕೆ ಹೊಡೆದೆ? ಈ ಪ್ರಶ್ನೆಗೂ ಪರ್ವತಪ್ರಬೋಧನೆಗೂ ಹೇಗೆ ಹೊಂದಿಕೆ ಎಂದು ಅಗಸ್ಟಿನರೇ ತಲೆಕೆಡಿಸಿಕೊಂಡಿದ್ದರು. ಹೃದಯದ ಸಿದ್ಧತೆಯೇ ಮುಖ್ಯವೆಂದು ಅವರು ಕಂಡ ಪರಿಹಾರ ಸರಿಯೇ ಇರಬಹುದು. ಆದರೆ ಪ್ರಶ್ನೆಯ ರೂಪವನ್ನು ನೋಡಬೇಕು: ಧಾರ್ಮಿಕ ಅಧಿಕಾರದ ಅಂಗಳದಲ್ಲಿ ಏಟು ತಿಂದವನು ಕಾರಣ ಕೇಳುತ್ತಿದ್ದಾನೆ, ಅಲ್ಲಿ ಯಾರೂ ಉತ್ತರಿಸುವುದಿಲ್ಲ. ಸುವಾರ್ತೆಯ ಮುಂದಿನ ವಚನದಲ್ಲಿ ಅವರನ್ನು ಕಾಯಫನ ಬಳಿಗೆ ಕಳುಹಿಸಲಾಗುತ್ತದೆ. ಆ ಓಣಿಯಲ್ಲಿ ನಡೆದುಹೋದ ಕ್ಲೊಂಗೋಸಿನ ಹುಡುಗ, ತನಗೆ ತಿಳಿಯದೆಯೇ, ಈ ಪ್ರಶ್ನೆಯನ್ನೇ ಹೊತ್ತು ನಡೆದಿದ್ದ.

ಅವನಿಗೆ ಏರಲು ಮೆಟ್ಟಿಲಾದರೂ ಇತ್ತು. ಜಾಯ್ಸ್‌ನ ಕಾದಂಬರಿಯ ಮಿತಿ ಇರುವುದು ಇಲ್ಲಿ, ಅವನು ಮರೆತದ್ದರಲ್ಲಿ. ಕ್ಲೊಂಗೋಸ್ ಬಿಟ್ಟ ಬಳಿಕ ಜಾಯ್ಸ್ ಸ್ವತಃ ಸ್ವಲ್ಪಕಾಲ ಕ್ರಿಶ್ಚಿಯನ್ ಬ್ರದರ್ಸ್ ಶಾಲೆಗೆ ಹೋಗಿದ್ದ. ಕಾದಂಬರಿಯಲ್ಲಿ ಆ ಅವಧಿಯೇ ಇಲ್ಲ, ಬಡವರ ಮಕ್ಕಳ ಆ ಶಾಲೆಯ ಬಗ್ಗೆ ಸ್ಟೀಫನ್‌ನ ತಂದೆಯ ಬಾಯಿಂದ ಒಂದು ತಾತ್ಸಾರದ ಮಾತು ಮಾತ್ರ ಇದೆ. ಸಿರಿವಂತರ ಶಾಲೆಯ ಎರಡು ಏಟು ವಿಶ್ವಸಾಹಿತ್ಯವಾಯಿತು. ಅದೇ ದೇಶದ ಪಶ್ಚಿಮ ಕರಾವಳಿಯಲ್ಲಿ, ಕನ್ನೆಮಾರದ ಲೆಟರ್‌ಫ್ರ್ಯಾಕ್ ಎಂಬಲ್ಲಿ, ಬ್ರದರ್ಸ್ ನಡೆಸುತ್ತಿದ್ದ ಕೈಗಾರಿಕಾ ಶಾಲೆಗೆ 1924ರಲ್ಲಿ ಬಡತನದ ಕಾರಣದಿಂದ ಕಳುಹಿಸಲ್ಪಟ್ಟ ಪೀಟರ್ ಟೈರೆಲ್‌ನ ಕಥೆ ಬೇರೆ. ದೊಡ್ಡವನಾದ ಮೇಲೆ ಅವನು ಸಭೆಯ ಹಿರಿಯರಿಗೆ ಬರೆದ; ಕೇಳಿದವರಿಲ್ಲ. ಶಾಲೆಗಳಲ್ಲಿನ ದಂಡನೆಯ ವಿರುದ್ಧ ಹೋರಾಡುತ್ತಿದ್ದ ಸೆನೆಟರ್ ಓವೆನ್ ಶೀಹಿ ಸ್ಕೆಫಿಂಗ್ಟನ್ನರ ಪ್ರೋತ್ಸಾಹದಿಂದ ತನ್ನ ನೆನಪುಗಳನ್ನು ಬರೆದಿಟ್ಟ. 1967ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಹೀತ್‌ನಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಹಸ್ತಪ್ರತಿ ಸೆನೆಟರರ ಕಾಗದಪತ್ರಗಳ ನಡುವೆ ಉಳಿದುಕೊಂಡು ‘ಫೌಂಡೆಡ್ ಆನ್ ಫಿಯರ್’ ಎಂಬ ಹೆಸರಿನಲ್ಲಿ ಅಚ್ಚಾದದ್ದು 2006ರಲ್ಲಿ. ಸಾಹಿತ್ಯದ ತಕ್ಕಡಿಯಲ್ಲಿ ಅದನ್ನು ಜಾಯ್ಸ್‌ನ ಪಕ್ಕದಲ್ಲಿ ಇಡಲಾಗದು. ಅದರ ವಾಕ್ಯಗಳು ಸರಳ, ಘಟನೆಗಳು ಒಂದರ ಮೇಲೊಂದು ಬೀಳುತ್ತವೆ, ಯಾವ ಹುಡುಗನಿಗೆ ಯಾರು ಯಾವಾಗ ಹೊಡೆದರು ಎಂಬ ಲೆಕ್ಕವೇ ಅದರ ರಚನೆ. ಆದರೆ ಕ್ರೈಸ್ತ ವಿಮರ್ಶೆಗೆ ತಕ್ಕಡಿ ಒಂದೇ ಅಲ್ಲ. ಪ್ರಲಾಪಗಳ ಗ್ರಂಥವನ್ನು ನಾವು ಶೈಲಿಗಾಗಿ ಓದುವುದಿಲ್ಲ.

ಅಧಿಕಾರಸ್ಥರಿಗೆ ತಿಳಿದಿರಲಿಲ್ಲವೇ? ಅಮೆರಿಕದಲ್ಲಿ ‘ಬಾಯ್ಸ್ ಟೌನ್’ ಸ್ಥಾಪಿಸಿದ ಫಾದರ್ ಎಡ್ವರ್ಡ್ ಫ್ಲ್ಯಾನಗನ್, ಐರ್ಲೆಂಡಿನಲ್ಲಿ ಹುಟ್ಟಿದವರೇ, 1946ರಲ್ಲಿ ತವರಿಗೆ ಬಂದು ಈ ಸಂಸ್ಥೆಗಳನ್ನು ಬಹಿರಂಗವಾಗಿ ಖಂಡಿಸಿದರು. ನ್ಯಾಯಮಂತ್ರಿ ಸಂಸತ್ತಿನಲ್ಲಿ ಅದನ್ನು ತಳ್ಳಿಹಾಕಿದರು. ಐರಿಷ್ ಶಾಲೆಗಳಲ್ಲಿ ದೈಹಿಕ ದಂಡನೆ ನಿಂತದ್ದು 1982ರಲ್ಲಿ. 2009ರ ಮೇ 20ರಂದು ನ್ಯಾಯಮೂರ್ತಿ ಶಾನ್ ರಯಾನ್ ಆಯೋಗದ ಐದು ಸಂಪುಟಗಳ ವರದಿ ಹೊರಬಂದಾಗ, ಭಯದ ವಾತಾವರಣ ಅಪವಾದವಾಗಿರದೆ ಆ ಸಂಸ್ಥೆಗಳಲ್ಲಿ ಬಹುಪಾಲಿನ ವ್ಯವಸ್ಥೆಯೇ ಆಗಿತ್ತೆಂದು ಲೋಕಕ್ಕೆ ತಿಳಿಯಿತು. ಟೈರೆಲ್ ನಾಲ್ಕು ದಶಕ ಮೊದಲೇ ಬರೆದಿಟ್ಟಿದ್ದೂ ಅದನ್ನೇ.

ಇದೆಲ್ಲ ಐರ್ಲೆಂಡಿನ ಕಥೆ, ನಮಗೇನು ಎಂಬ ಮಾತು ನಮ್ಮ ಪತ್ರಿಕೆಯ ಓದುಗರಿಂದ ಬರಬಹುದು. ಲೆಟರ್‌ಫ್ರ್ಯಾಕಿನಂಥದ್ದು ಇಲ್ಲಿತ್ತೆಂದು ನಾವು ಹೇಳುತ್ತಿಲ್ಲ. ನಗು ಮಾತ್ರ ಇಲ್ಲಿಯೂ ಇತ್ತು. ನಾವು ಕಲಿತ ಶಾಲೆಯಲ್ಲಿ, ಅದರ ಹೆಸರು ಇಲ್ಲಿ ಬೇಡ, ನಾಗರಬೆತ್ತಕ್ಕೆ ಎಣ್ಣೆ ಸವರಿ ಇಡುತ್ತಿದ್ದ ಒಬ್ಬ ಗುರುಗಳಿದ್ದರು. ವರ್ಷಗಳ ನಂತರ ಹಳೆಯ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ ಮಾತಾಡಲು ನಮ್ಮನ್ನು ಕರೆದಾಗ ಆ ಬೆತ್ತದ ಕಥೆಯನ್ನೇ ಹೇಳಿದೆವು, ಗುರುಗಳ ದನಿಯನ್ನು ಅನುಕರಿಸಿ. ಸಭಾಂಗಣ ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಒಬ್ಬ ಸಹಪಾಠಿ ನಗಲಿಲ್ಲ. ಅವನು ಎಂಟನೆಯ ತರಗತಿಯಲ್ಲಿ ಶಾಲೆ ಬಿಟ್ಟವನು. ಏಕೆ ಬಿಟ್ಟನೆಂದು ಯಾರೂ ಕೇಳಿರಲಿಲ್ಲ, ಅಂದು ನಾವೂ ಕೇಳಲಿಲ್ಲ. ಸ್ಟೀಫನ್‌ನ ತಂದೆ ಮನೆಯಲ್ಲಿ ಅಭಿನಯಿಸಿ ತೋರಿಸುವ ಪುಟವನ್ನು ಈಚೆಗೆ ಓದುವಾಗ ನಮಗೆ ಆ ವೇದಿಕೆಯ ನೆನಪಾಯಿತು.

ಕಾನೂನಿನ ಮಾತನ್ನೂ ಸೇರಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 2014ರ ಪ್ರಮತಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಪಸಂಖ್ಯಾತ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸದೆಂದಿತು. ನಮ್ಮ ಸಂಸ್ಥೆಗಳು ಆ ತೀರ್ಪನ್ನು ಸ್ವಾಗತಿಸಿದ್ದು ಪ್ರವೇಶದ ಮೀಸಲಾತಿ, ಆಡಳಿತದ ಸ್ವಾತಂತ್ರ್ಯ ಮುಂತಾದ ಕಾರಣಗಳಿಗಾಗಿ. 17ನೆಯ ಕಲಮೂ ಆ ಕಾಯ್ದೆಯೊಳಗೇ ಇತ್ತೆಂಬುದನ್ನು ಆಗ ಎಷ್ಟು ಮಂದಿ ಗಮನಿಸಿದೆವೋ ತಿಳಿಯದು. ಮುಂದೆ ಶಾಲೆಗಳ ಸಂಚಾಲಕರಾಗಲಿರುವ ಗುರುಮಠದ ಸಹೋದರರು ಇದನ್ನು ಯೋಚಿಸಬೇಕು.

ಕ್ಲೊಂಗೋಸಿನಲ್ಲಿ ದಂಡನಾ ಪುಸ್ತಕವೊಂದಿತ್ತು. ಬಾಲಕ ಜಾಯ್ಸ್‌ನ ಹೆಸರೂ ಅದರಲ್ಲಿದೆ, ಕೆಟ್ಟ ಮಾತಾಡಿದ್ದಕ್ಕೆ. ನಮ್ಮ ಶಾಲೆಯಲ್ಲಿ ಅಂಥ ಪುಸ್ತಕವನ್ನು ನಾವು ಕಂಡಿಲ್ಲ. ಅಲ್ಲಿ ಉಳಿದಿರುವ ದಾಖಲೆಯೆಂದರೆ ನೆನಪು ಮಾತ್ರ, ಆ ನೆನಪುಗಳು ಅಚ್ಚಾಗುವುದು ಬೆಳ್ಳಿಹಬ್ಬ, ಶತಮಾನೋತ್ಸವಗಳ ಸಂಚಿಕೆಗಳಲ್ಲಿ. ಅವುಗಳ ಸಂಪಾದಕತ್ವ ಬಹುತೇಕ ತರಬೇತಿಯಲ್ಲಿರುವ ಕಿರಿಯ ಸಹೋದರರ ಹೆಗಲಿಗೇ ಬೀಳುತ್ತದೆ. ವೈದ್ಯರು, ವಕೀಲರು, ಧರ್ಮಾಧ್ಯಕ್ಷರು ಬರೆದ ಕೃತಜ್ಞತೆಯ ಲೇಖನಗಳು ತಾವಾಗಿಯೇ ಬರುತ್ತವೆ. ಎಂಟನೆಯ ತರಗತಿಯಲ್ಲಿ ಬಿಟ್ಟುಹೋದವರ ವಿಳಾಸವನ್ನು ಮಾತ್ರ ಹುಡುಕಿಕೊಂಡು ಹೋಗಬೇಕಾಗುತ್ತದೆ. ಹಾಜರಿ ಪುಸ್ತಕಗಳು ಹೆಚ್ಚಿನ ಶಾಲೆಗಳ ಕಪಾಟಿನಲ್ಲಿ ಇನ್ನೂ ಇವೆ.